ಮೇವಿನ ಕಡ್ಡಿ ಮಾರಲು ನಿಮ್ಮದೇ ವೆಬ್ ಪುಟ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ನೀರಾವರಿ ಇರುವವರಲ್ಲಿ ನೇಪಿಯರ್ ಕಡ್ಡಿ ಮಿಗುತ್ತದೆ. ಜಗಳೂರಿನಲ್ಲಿ ಹೊಸದಾಗಿ ಬೋರ್‌ವೆಲ್ ಹಾಕಿಸಿದ ಅಕ್ಕ ಅದನ್ನೇ ನಾಟಿಗೆ ಹುಡುಕುತ್ತಿರಬಹುದು. ಇಬ್ಬರನ್ನೂ ಸೇರಿಸಲು ಒಂದು ಪುಟದ ವೆಬ್‌ಸೈಟ್ ಸಾಕು. ಗೂಗಲ್ ಸೈಟ್ಸ್‌ನಲ್ಲಿ ಇದಕ್ಕೆ ಖರ್ಚಿಲ್ಲ. ಜಿಮೇಲ್ ಖಾತೆ ಇದ್ದರಾಯಿತು. ಪುಟ ಮಾಡುವುದು ಮಾತ್ರ ಕಂಪ್ಯೂಟರಿನಲ್ಲಿ. ಮಕ್ಕಳ ಲ್ಯಾಪ್‌ಟಾಪ್ ಆದರೂ ಆದೀತು.

ಖಾಲಿ ಪುಟ ತೆರೆಯಿರಿ. ಬಲಬದಿಯ ‘ಇನ್ಸರ್ಟ್’ ಪಟ್ಟಿಯಿಂದ ಬರಹದ ಚೌಕ, ಫೋಟೊ ಸೇರಿಸಿ, ಬೇಕಾದ ಜಾಗಕ್ಕೆ ಎಳೆದಿಡಿ. ತಳಿ, ಎರಡು ಗೆಣ್ಣಿನ ಕಡ್ಡಿಯ ದರ, ಊರು, ಸಿಗುವ ತಿಂಗಳು ಬರೆಯಿರಿ. ಕನ್ನಡ ಯುನಿಕೋಡ್‌ನಲ್ಲೇ ಇರಲಿ. ಹಳೆಯ ನುಡಿ ಫಾಂಟಿನ ಬರಹ ಬೇರೆಯವರ ಫೋನಿನಲ್ಲಿ ಕಲಸುಮೇಲೋಗರವಾಗಿ ಕಾಣುತ್ತದೆ.

‘ಪಬ್ಲಿಷ್’ ಒತ್ತಿ, ಇಂಗ್ಲಿಷಿನ ಸಣ್ಣಕ್ಷರದಲ್ಲಿ ಪುಟದ ವಿಳಾಸಕ್ಕೆ ಹೆಸರು ಕೊಡಿ. ಲಿಂಕನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ. ದರ ತಿದ್ದಿದಾಗಲೆಲ್ಲ ಮತ್ತೆ ಪಬ್ಲಿಷ್ ಒತ್ತಬೇಕು. ಮರೆತರೆ ಜನ ಹಳೆಯ ದರ ನೋಡಿಕೊಂಡೇ ಗಾಡಿ ತರುತ್ತಾರೆ, ಆಮೇಲೆ ಮನೆ ಬಾಗಿಲಲ್ಲಿ ಚೌಕಾಸಿ.

ಫೋನ್ ನಂಬರ್ ಹಾಕಿದ ಮೇಲೆ ಮೋಸದ ಕರೆಯೂ ಬಂದೀತು. ಆಧಾರ್, ಪಾಸ್‌ಬುಕ್ ಫೋಟೊ ಹಾಕಲೇಬೇಡಿ. “ಮುಂಗಡ ಕಳಿಸ್ತೀನಿ ಅಕ್ಕಾ, ಪಿನ್ ಒತ್ತಿ” ಎಂದರೆ ಫೋನ್ ಇಟ್ಟುಬಿಡಿ. ಹಣ ಪಡೆಯಲು ಪಿನ್ ಬೇಕಿಲ್ಲ.