ವಯಸ್ಸಿನ ಗುರುತು ಇದೆ, ಬೀಗ ಹಾಕಿದ್ದೀರಾ?

ಓಟಿಟಿಯಲ್ಲಿ ಸಿನಿಮಾ ಶುರುವಾಗುವಾಗ ಪರದೆಯ ಮೂಲೆಯಲ್ಲಿ ‘ಯು/ಎ 13+’ ಎಂಬ ಗುರುತು ಬಂದು ಹೋಗುತ್ತದೆ. ನಾವು ಓದುವುದು ಕಡಿಮೆ. ಟಿವಿ, ಫೋನುಗಳು ಅದನ್ನು ಓದಿ ಮಕ್ಕಳನ್ನು ತಡೆಯಬಲ್ಲವು, ಆದರೆ ನಾವು ಮೊದಲೇ ಹೇಳಿಟ್ಟಿರಬೇಕು.

2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಓಟಿಟಿ ಕಾರ್ಯಕ್ರಮಗಳಿಗೆ ಐದು ದರ್ಜೆ: ಯು, ಯು/ಎ 7+, ಯು/ಎ 13+, ಯು/ಎ 16+, ಎ. ಯು/ಎ 13+ ಮತ್ತು ಅದರ ಮೇಲಿನವಕ್ಕೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ಕಂಪನಿ ಕೊಡಲೇಬೇಕು.

ಮೊದಲು ಟಿವಿ. ಮಗುವಿಗೆ ಪ್ರತ್ಯೇಕ ಪ್ರೊಫೈಲ್ ಮಾಡಿ, ವಯಸ್ಸಿನ ಮಿತಿ ಆರಿಸಿ. ಬಹಳಷ್ಟು ಮನೆಗಳಲ್ಲಿ ಕೆಲಸ ಇಲ್ಲಿಗೇ ನಿಲ್ಲುತ್ತದೆ. ಮಗು ಪಕ್ಕದಲ್ಲಿರುವ ಅಪ್ಪನ ಪ್ರೊಫೈಲ್ ಒತ್ತಿದರೆ ಎಲ್ಲವೂ ತೆರೆದುಕೊಳ್ಳುತ್ತದೆ. ಆದ್ದರಿಂದ ದೊಡ್ಡವರ ಪ್ರೊಫೈಲ್‌ಗಳಿಗೆ ಪಿನ್ ಹಾಕಿ. ಹುಟ್ಟಿದ ವರ್ಷ ಬೇಡ, ಮಕ್ಕಳು ಮೊದಲು ಒತ್ತುವುದೇ ಅದನ್ನು.

ನಂತರ ಪ್ಲೇ ಸ್ಟೋರ್. ಮೇಲಿನ ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್, ಫ್ಯಾಮಿಲಿ, ಪೇರೆಂಟಲ್ ಕಂಟ್ರೋಲ್ಸ್‌ಗೆ ಹೋಗಿ ಪಿನ್ ಕೊಟ್ಟು ಮಿತಿ ಆರಿಸಿ. ಈಗಾಗಲೇ ಫೋನಿನಲ್ಲಿರುವ ಆ್ಯಪ್‌ಗಳನ್ನು ಇದು ಅಳಿಸುವುದಿಲ್ಲ, ಅವನ್ನು ನೀವೇ ನೋಡಿ ತೆಗೆಯಬೇಕು. ಇನ್ನೊಂದು ಮಾತು: ಆಟಗಳ ದರ್ಜೆ ಬರುವುದು ತಯಾರಕರೇ ಉತ್ತರಿಸಿದ ಪ್ರಶ್ನಾವಳಿಯಿಂದ. 7+ ಎಂದಿದ್ದರೂ ‘ಯೂಸರ್ಸ್ ಇಂಟರ್‌ಆ್ಯಕ್ಟ್’ ಎಂಬ ಸಾಲು ಜೊತೆಗಿದ್ದರೆ ಅಪರಿಚಿತರು ಮಗುವಿನೊಂದಿಗೆ ಮಾತಾಡಲು ದಾರಿಯಿದೆ ಎಂದರ್ಥ. ನನ್ನ ಮಟ್ಟಿಗೆ ವಯಸ್ಸಿನ ಅಂಕಿಗಿಂತ ಈ ಸಾಲೇ ಮುಖ್ಯ.

ಯೂಟ್ಯೂಬ್ ಕಿಡ್ಸ್‌ನಲ್ಲಿ 4 ವರ್ಷದವರೆಗೆ, 5ರಿಂದ 8, 9ರಿಂದ 12 ಎಂಬ ವಿಭಾಗಗಳಿವೆ. ತೀರಾ ಚಿಕ್ಕವರಾದರೆ ನೀವು ಒಪ್ಪಿದ ವಿಡಿಯೊಗಳು ಮಾತ್ರ ಬರುವಂತೆ ಮಾಡಿ.

ಜಾಲತಾಣಗಳ ವಿಷಯ ತುಸು ತೊಡಕು. ‘ನಮ್ಮದು ವಯಸ್ಕರಿಗೆ ಮಾತ್ರ’ ಎಂಬ ಗುರುತನ್ನು ತಾಣ ತನ್ನ ಪುಟದ ಒಳಗೇ ಬರೆದಿಡಬಹುದು. ಆರ್‌ಟಿಎ ಎಂಬ ಗುರುತು ಅಂಥದ್ದು. ಗೂಗಲ್‌ನ ಸೇಫ್‌ಸರ್ಚ್ ಅದನ್ನು ಗಮನಿಸುತ್ತದೆ. ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಸೇಫ್‌ಸರ್ಚನ್ನು ‘ಫಿಲ್ಟರ್’ಗೆ ಇಡಿ. ಆದರೆ ಗುರುತು ಹಾಕುವುದು ತಾಣದವರ ಪ್ರಾಮಾಣಿಕತೆಗೆ ಬಿಟ್ಟದ್ದು. ಸೇಫ್‌ಸರ್ಚ್ ಕೂಡ ಹುಡುಕಾಟದ ಫಲಿತಾಂಶಗಳನ್ನಷ್ಟೇ ಸೋಸುತ್ತದೆ. ವಿಳಾಸವನ್ನೇ ಟೈಪಿಸಿದರೆ ತಡೆಯಿಲ್ಲ.

ಅದಕ್ಕೆ ರೂಟರ್‌ನಲ್ಲೇ ಡಿಎನ್‌ಎಸ್ (ತಾಣದ ಹೆಸರನ್ನು ಅದರ ಅಂಕಿ-ವಿಳಾಸಕ್ಕೆ ಜೋಡಿಸುವ ಸೇವೆ) ಬದಲಿಸಿ. ಕ್ಲೌಡ್‌ಫ್ಲೇರ್‌ನ ಉಚಿತ ಕುಟುಂಬ ಸೇವೆಯ ಸಂಖ್ಯೆಗಳು 1.1.1.3 ಮತ್ತು 1.0.0.3. ವಯಸ್ಕರ ತಾಣಗಳ ಪಟ್ಟಿ ಅವರ ಬಳಿಯೇ ಇರುವುದರಿಂದ ಗುರುತಿಲ್ಲದ ಅನೇಕ ತಾಣಗಳಿಗೂ ಮನೆಯ ವೈಫೈನಲ್ಲಿ ತಡೆ ಬೀಳುತ್ತದೆ. ಮೊಬೈಲ್ ಡೇಟಾಕ್ಕೆ ಇದು ತಾಗದು. ಫೋನಿನಲ್ಲಿ ವಿಪಿಎನ್ ಆ್ಯಪ್ ಇದ್ದರೆ ವೈಫೈನಲ್ಲೂ ತಪ್ಪಿಸಿಕೊಳ್ಳಬಹುದು. ಅದನ್ನೂ ಹುಡುಕಿ ನೋಡಿ.

ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ವಿಡಿಯೊಗಳಿಗೆ ಯಾವ ದರ್ಜೆಯೂ ಇಲ್ಲ. ಮಗು ಬಳಸುವುದು ನಿಮ್ಮದೇ ಫೋನಾದರೆ ವಾಟ್ಸ್‌ಆ್ಯಪ್‌ಗೆ ಆ್ಯಪ್ ಲಾಕ್ ಹಾಕಿ, ಚಾಟ್ಸ್ ಸೆಟ್ಟಿಂಗ್‌ನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ. ಆಮೇಲೆ ಬರುವ ವಿಡಿಯೊಗಳು ಗ್ಯಾಲರಿಯಲ್ಲಿ ಕಾಣಿಸುವುದಿಲ್ಲ. ಹಳೆಯವನ್ನು ಕೈಯಾರೆ ಅಳಿಸಬೇಕು.