ಕುದಿಸಿದರೂ ಸಾಯದ ಹಾಲಿನ ಕ್ರಿಮಿಗಳು



ಹಾಲು ಹುಳಿಯಾಗಿ ಒಡೆಯುವುದು ಎಲ್ಲರಿಗೂ ತಿಳಿದ ವಿಷಯ. ಆದರೆ ಬೆಳಿಗ್ಗೆ ಚೆನ್ನಾಗಿ ಉಕ್ಕಿಸಿ ಇಟ್ಟ ಹಾಲು, ಹುಳಿವಾಸನೆಯೇ ಇಲ್ಲದೆ, ರಾತ್ರಿ ಕಾಯಿಸುವಾಗ ಒಡೆದುಹೋದುದನ್ನೂ ನೀವು ಕಂಡಿರಬಹುದು. ಕೆಲವೊಮ್ಮೆ ಕೆನೆ ಚೂರುಚೂರಾಗಿ ತೇಲುತ್ತದೆ, ಹಾಲು ಕಹಿಯಾಗುತ್ತದೆ. "ಕುದಿಸಿದ ಮೇಲೂ ಯಾಕಪ್ಪಾ ಕೆಡ್ತದೆ?" ಎಂದು ಮೊನ್ನೆ ಒಬ್ಬ ತಾಯಿ ನನ್ನನ್ನು ಕೇಳಿದರು. ಅವರ ಪಾತ್ರೆ ಶುಚಿಯಾಗಿತ್ತು. ತಪ್ಪು ಅಡಿಗೆಮನೆಯದಲ್ಲ, ಕೊಟ್ಟಿಗೆಯದು.

ಹಾಲನ್ನು ಹುಳಿ ಮಾಡುವ ಕ್ರಿಮಿಗಳು ಕುದಿತಕ್ಕೆ ಸಾಯುತ್ತವೆ. ಆದರೆ ಮಣ್ಣಿನಲ್ಲಿ ವಾಸಿಸುವ ಬೇರೊಂದು ಜಾತಿಯಿದೆ. ಆಹಾರ ತಪ್ಪಿದರೆ ಅವು ಗಟ್ಟಿಯಾದ ಕವಚ ಕಟ್ಟಿಕೊಂಡು ನಿದ್ದೆ ಹೋಗುತ್ತವೆ. ಈ ರೂಪಕ್ಕೆ ಬೀಜಾಣು ಎನ್ನುತ್ತಾರೆ. ಬೇಸಿಗೆಯಲ್ಲಿ ಕಾದು ಬೋಳಾದ ಹೊಲದಲ್ಲಿ ಮೊದಲ ಮಳೆಗೆ ಅಣ್ಣೆಸೊಪ್ಪು ಏಳುವುದಿಲ್ಲವೇ? ಅದರ ಬೀಜ ಅಲ್ಲೇ ಇತ್ತು. ಇದೂ ಹಾಗೆಯೇ. 1876ರಲ್ಲಿ ಫರ್ಡಿನೆಂಡ್ ಕೋನ್ ಎಂಬ ಜರ್ಮನ್ ವಿಜ್ಞಾನಿ ಒಣಹುಲ್ಲು ನೆನೆಸಿದ ನೀರನ್ನು ಕುದಿಸಿ, ಅದರಲ್ಲಿ ಮತ್ತೆ ಕ್ರಿಮಿಗಳು ಹುಟ್ಟುವುದಕ್ಕೆ ಈ ಬೀಜಾಣುಗಳೇ ಕಾರಣವೆಂದು ತೋರಿಸಿದರು. ನಮ್ಮ ದನ ತಿನ್ನುವುದೂ ಆ ಒಣಹುಲ್ಲನ್ನೇ!

ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸುತ್ತಾರೆ. ಬೀಜಾಣುವಿಗೆ ಅದು ಲೆಕ್ಕಕ್ಕಿಲ್ಲ. ಅದನ್ನು ಖಂಡಿತವಾಗಿ ಕೊಲ್ಲಲು ಒತ್ತಡದ ಹಬೆಯಲ್ಲಿ 121 ಡಿಗ್ರಿಯವರೆಗೆ ಕಾಯಿಸಬೇಕು. ಅದಕ್ಕಿಂತ ಕಡಿಮೆ ಕಾವು ಎಷ್ಟೋ ಬೀಜಾಣುಗಳನ್ನು ಎಬ್ಬಿಸುತ್ತದೆ. ಎದ್ದು ನೋಡಿದರೆ ಪೈಪೋಟಿಗೆ ಬರುವ ಹುಳಿ ಕ್ರಿಮಿಗಳೆಲ್ಲ ಸತ್ತಿರುತ್ತವೆ, ಹಾಲು ಬೆಚ್ಚಗಿರುತ್ತದೆ. ಇನ್ನೇನು ಬೇಕು?

ಇವು ಹಾಲಿಗೆ ಬರುವ ದಾರಿ ಹೀಗಿದೆ. ಮಣ್ಣು ಮೇವಿಗೆ ಅಂಟುತ್ತದೆ, ಮೇವು ಹಸುವಿನ ಹೊಟ್ಟೆ ಸೇರುತ್ತದೆ. ಮೇವು ಅರಗುತ್ತದೆ, ಬೀಜಾಣು ಅರಗುವುದಿಲ್ಲ. ಆದ್ದರಿಂದ ಸಗಣಿಯಲ್ಲಿ ಅದು ದಟ್ಟವಾಗಿ ಸೇರಿರುತ್ತದೆ. ಹಸು ಮಲಗಿದಾಗ ಸಗಣಿ ಮೊಲೆತೊಟ್ಟಿಗೆ ಮೆತ್ತುತ್ತದೆ, ಅಲ್ಲಿಂದ ಚೊಂಬಿಗೆ ಬೀಳುತ್ತದೆ. ಬಟ್ಟೆಯಲ್ಲಿ ಸೋಸಿದರೆ ಕೂದಲು, ಹುಲ್ಲುಕಡ್ಡಿ ನಿಲ್ಲುತ್ತವೆ. ಕರಗಿದ ಸಗಣಿಯೂ ಬೀಜಾಣುವೂ ಬಟ್ಟೆ ದಾಟಿ ಹೋಗುತ್ತವೆ. ಆದುದರಿಂದ ಹಾಲಿಗೆ ಬೀಳುವ ಮುನ್ನವೇ ತಡೆಯಬೇಕು.

ತಡೆಯುವ ಮುಖ್ಯ ಜಾಗ ಮೊಲೆತೊಟ್ಟು. ನಮ್ಮಲ್ಲಿ ಕೆಚ್ಚಲಿಗೆ ಒಂದು ಚೊಂಬು ನೀರು ಎರಚಿ, ಒರೆಸದೆ, ಹಾಗೆಯೇ ಕರೆಯಲು ಕೂರುವ ರೂಢಿಯಿದೆ. ಇದು ತೊಳೆಯದೆ ಕರೆಯುವುದಕ್ಕಿಂತ ಮೇಲೇನೂ ಅಲ್ಲ. ತೊಡೆಯ ಮೇಲಿನ, ಕೆಚ್ಚಲ ಮೇಲಿನ ಕೊಳೆ ನೀರಿನೊಡನೆ ಇಳಿದು ತೊಟ್ಟಿನ ತುದಿಯಿಂದ ಪಾತ್ರೆಗೇ ತೊಟ್ಟಿಕ್ಕುತ್ತದೆ. ನೀರನ್ನು ತೊಟ್ಟಿಗೆ ಮಾತ್ರ ಬಳಸಿರಿ. ಮೊದಲು ಒದ್ದೆಬಟ್ಟೆಯಿಂದ ತೊಟ್ಟನ್ನೂ ಅದರ ತುದಿಯನ್ನೂ ಉಜ್ಜಿ ಒರೆಸಿ, ಆಮೇಲೆ ಒಣಬಟ್ಟೆಯಿಂದ ಪೂರ್ತಿ ಒಣಗಿಸಿರಿ. ಸ್ವೀಡನ್ ದೇಶದವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹೀಗೆ ಒಂದು ಹಸುವಿಗೆ 20 ಸೆಕೆಂಡು ಕೊಟ್ಟುದರಿಂದ ಹಾಲಿಗೆ ಬರುವ ಬೀಜಾಣು 100ಕ್ಕೆ 96ರಷ್ಟು ಇಳಿಯಿತು. ಖರ್ಚು ಎರಡು ತುಂಡು ಬಟ್ಟೆ. ಒಂದು ಹಸುವಿನ ಬಟ್ಟೆಯನ್ನು ಇನ್ನೊಂದಕ್ಕೆ ಬಳಸಬೇಡಿರಿ, ಕೆಚ್ಚಲುಬಾವೂ ಅದೇ ಬಟ್ಟೆಯಲ್ಲಿ ಹರಡುತ್ತದೆ. ಕರು ಬಿಟ್ಟು ಸೊರೆ ಇಳಿಸುವವರು ಕರುವನ್ನು ಬಿಡಿಸಿದ ನಂತರ ಒರೆಸಬೇಕು. ಬೆರಳನ್ನು ಹಾಲಿನಲ್ಲಿ ಅದ್ದಿಕೊಂಡು ಕರೆಯುವುದನ್ನು ಬಿಡಿರಿ. ಔಷಧಿ ನೀರೊಂದನ್ನೇ ನಂಬಿ ಒರೆಸದಿರುವುದೂ ಸಲ್ಲದು, ಬೀಜಾಣು ಅದಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಉಜ್ಜಿ ತೆಗೆಯುವುದೇ ಮದ್ದು.

ಕರೆಯುವಾಗ ಹಸು ಸುಮ್ಮನೆ ನಿಲ್ಲಲೆಂದು ಮುಂದೆ ರಾಗಿಹುಲ್ಲು ಕೊಡವಿ ಹಾಕುತ್ತೇವೆ. ಆ ಧೂಳು ಹಾಲಿಗೇ ಇಳಿಯುತ್ತದೆ. ಹುಲ್ಲನ್ನು ಕರೆದ ಮೇಲೆ ಹಾಕಿರಿ. ಕರೆದೊಡನೆ ಮೇವು ಕಂಡ ಹಸು ನಿಂತೇ ಇರುತ್ತದೆ. ತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಅಷ್ಟು ಹೊತ್ತು ಬೇಕು.

ಮುಸುಕಿನ ಜೋಳದ ರಸಮೇವು ಮಾಡುವವರಿಗೆ ಒಂದು ಮಾತು. ಗುಂಡಿಗೆ ಮಣ್ಣು ಸೇರಿದರೆ, ತುಳಿತ ಸಾಲದೆ ಗಾಳಿ ಉಳಿದರೆ, ಹೊದಿಕೆ ಹರಿದು ನೀರು ಇಳಿದರೆ, ಅದು ಮೇವಾಗುವ ಬದಲು ಬೀಜಾಣುವಿನ ಕಣಜವಾಗುತ್ತದೆ. ಕೆಸರು ಮೆತ್ತಿದ ಟ್ರಾಕ್ಟರ್ ಚಕ್ರದಿಂದ ತುಳಿಸಬೇಡಿರಿ. ಬೂಸ್ಟು ಹಿಡಿದ, ಕೊಳೆತು ನಾರುವ ಭಾಗವನ್ನು "ಪಾಪ, ಹಾಳಾಗುತ್ತದಲ್ಲಾ" ಎಂದು ಗೋದಲಿಗೆ ಹಾಕದೆ ತಿಪ್ಪೆಗೆ ಹಾಕಿರಿ.

ಪಾತ್ರೆಯನ್ನು ಮಣ್ಣು ಹಾಕಿ ಉಜ್ಜುವುದು ಬೇಡ, ತೊಳೆದ ಪಾತ್ರೆಗೆ ನಾವೇ ಬೀಜಾಣು ಬಿತ್ತಿದಂತಾಗುತ್ತದೆ. ಬಿಸಿನೀರು, ವಾಷಿಂಗ್ ಸೋಡ, ಬ್ರಷ್ ಸಾಕು. ತೊಳೆದು ಹಲಗೆಯ ಮೇಲೆ ಬೋರಲು ಹಾಕಿ ಬಿಸಿಲಿಗೆ ಒಣಗಿಸಿರಿ. ಗೀರುಬಿದ್ದ ಪ್ಲಾಸ್ಟಿಕ್ ಕ್ಯಾನನ್ನೂ, ಕರೆಯುವ ಯಂತ್ರದ ಬಿರುಕುಬಿಟ್ಟ ರಬ್ಬರನ್ನೂ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಬದಲಾಯಿಸಿರಿ.

ಇಷ್ಟೆಲ್ಲ ಮಾಡಿದರೆ ಸಂಘದಲ್ಲಿ ಹೆಚ್ಚು ಬೆಲೆ ಸಿಗುವುದೇ ಎಂದು ಕೇಳುತ್ತೀರಿ. ಸಂಘದಲ್ಲಿ ನೋಡುವುದು ಕೊಬ್ಬು, ಘನಾಂಶ. ಬೀಜಾಣು ಆ ಯಂತ್ರಕ್ಕೆ ಕಾಣದು. ಆದರೆ ನಿಮ್ಮ ಹಾಲು ಬೀಳುವುದು ಇಡೀ ಊರಿನ ಹಾಲು ಸೇರುವ ಶೀತಲ ತೊಟ್ಟಿಗೆ. ಒಂದು ಮನೆಯ ಸಗಣಿ ಎಲ್ಲರ ಹಾಲಿಗೂ ಬೆರೆಯುತ್ತದೆ. 4 ಡಿಗ್ರಿ ತಣ್ಣಗಿದ್ದರೂ ಈ ಜಾತಿಯ ಕೆಲವು ಕ್ರಿಮಿಗಳು ಮೆಲ್ಲಗೆ ಬೆಳೆಯುತ್ತವೆ. ಹಾಲಿನ ಪುಡಿ ಮಾಡಿದರೂ ಬೀಜಾಣು ಅದರಲ್ಲಿ ಉಳಿಯುತ್ತದೆ. ಇವುಗಳಲ್ಲಿ ಕೆಲವು ವಾಂತಿ ಭೇದಿ ತರುವಂಥವು. ಕೆಲವು ಕಟ್ಟುವ ವಿಷ ಮತ್ತೆ ಕುದಿಸಿದರೂ ಹೋಗದು. ಆದ್ದರಿಂದ ಮನೆಯಲ್ಲಿ ಕಾಯಿಸಿದ ಹಾಲನ್ನು ಒಲೆಯ ಮಗ್ಗುಲಲ್ಲಿ ಉಗುರುಬೆಚ್ಚಗೆ ಇಡಬೇಡಿರಿ. ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ, ಫ್ರಿಜ್ ಇದ್ದವರು ಒಳಗಿಡಿರಿ. ಒಡೆದ ಹಾಲನ್ನು ಮಕ್ಕಳಿಗೆ ಕೊಡಲೇಬೇಡಿರಿ.

ನಂಬಿಕೆ ಬಾರದವರು ಪರೀಕ್ಷೆ ಮಾಡಿ ನೋಡಬಹುದು. ನಾಳೆ ಎಂದಿನಂತೆ ಕರೆದು, ಹಾಲನ್ನು ಬಿಳಿ ಹತ್ತಿಯ ತೆಳು ಪದರದಲ್ಲಿ ಸೋಸಿ, ಹತ್ತಿಯನ್ನು ಒಣಗಿಸಿ ಇಡಿ. ನಾಡಿದ್ದು ತೊಟ್ಟನ್ನು ಒರೆಸಿ, ಒಣಗಿಸಿ, ಕರೆದು ಅಷ್ಟೇ ಹಾಲನ್ನು ಸೋಸಿರಿ. ಎರಡು ಹತ್ತಿಗಳನ್ನೂ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ಮನೆಯವರಿಗೆಲ್ಲ ತೋರಿಸಿರಿ.