ಕೆರೆಯೂ ಕೇರೆಯೂ

ಮಾಟುಂಗ, ಮುಂಬಯಿ

ಪ್ರೀತಿಯ ಪುಟ್ಟಿ,

ಊರಿನಲ್ಲಿ ಚಿಕ್ಕಪ್ಪನ ಮಕ್ಕಳು ನಿನ್ನ ಕನ್ನಡ ಕೇಳಿ ನಕ್ಕರಂತೆ. ‘ಮನೆ ಹಿಂದೆ ಎಷ್ಟು ದೊಡ್ಡ ಕೇರೆ!’ ಅಂದೆಯಂತೆ, ಒಬ್ಬ ಹಾವು ಹೊಡೆಯಲು ಕೋಲು ಹುಡುಕಿದನಂತೆ. ನಗು ನನಗೂ ಬಂತು, ಸುಳ್ಳೇಕೆ? ಆದರೆ ‘ನನ್ನ ನಾಲಿಗೆಯೇ ದಪ್ಪ, ಇನ್ನು ಕನ್ನಡ ಮಾತಾಡಲ್ಲ’ ಎಂದು ಬರೆದೆಯಲ್ಲ, ಅದು ನನಗೆ ಸರಿಬರಲಿಲ್ಲ.

ನಾಲಿಗೆಗೆ ಏನೂ ಆಗಿಲ್ಲ ಮಗಳೇ, ಇದು ಕಿವಿಯ ಸಂಗತಿ. ಡೊಂಬಿವಲಿಯಲ್ಲಿ ಹುಟ್ಟಿ ಮರಾಠಿ, ಹಿಂದಿ ಕೇಳುತ್ತ ಬೆಳೆದವಳು ನೀನು. ಎ–ಏ, ಒ–ಓ ಎಂದು ಬೇರೆ ಮಾಡುವ ಗೋಜು ಅಲ್ಲಿಲ್ಲ. ದೇವನಾಗರಿಯಲ್ಲಿ ಒಂದೊಂದು ಜೋಡಿಗೂ ಒಂದೊಂದೇ ಅಕ್ಷರ. ಬೆಳೆ–ಬೇಳೆ, ಕೊಡು–ಕೋಡು ಎರಡೂ ಒಂದೇ ಎಂದು ಕಿವಿ ಹೇಳಿದರೆ ನಾಲಿಗೆ ಪಾಪ ಏನು ಮಾಡೀತು?

ಇದೆಲ್ಲ ತೊಟ್ಟಿಲಲ್ಲೇ ಶುರುವಾಗಿಬಿಡುತ್ತದೆ. ಜಾನೆಟ್ ವರ್ಕರ್, ರಿಚರ್ಡ್ ಟೀಸ್ ಎಂಬ ಕೆನಡಾದ ವಿಜ್ಞಾನಿಗಳು ಇಂಗ್ಲಿಷ್ ಮನೆಮಾತಿನ ಕೂಸುಗಳಿಗೆ ಹಿಂದಿಯ ತ, ಟ ಕೇಳಿಸಿ 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರೆಂಟು ತಿಂಗಳ ಕೂಸುಗಳಿಗೆ ಭೇದ ತಿಳಿಯಿತು. ಹತ್ತು ಹನ್ನೆರಡು ತಿಂಗಳವುಗಳಲ್ಲಿ ಹೆಚ್ಚಿನವಕ್ಕೆ ತಿಳಿಯಲಿಲ್ಲ. ಮನೆಯಲ್ಲಿ ಕೆಲಸಕ್ಕೆ ಬಾರದ ಭೇದವನ್ನು ಕಿವಿ ವರ್ಷ ತುಂಬುವಷ್ಟರಲ್ಲೇ ಕೈಬಿಡುತ್ತದೆ.

ನಕ್ಕವರನ್ನು ಒಮ್ಮೆ ಕರೆದುಕೊಂಡು ಬಾ. ಲೋಕಲ್ ಹತ್ತಿಸಿ ಠಾಣೆ, ಭಾಂಡುಪ್, ಘಾಟ್‌ಕೋಪರ್ ಅನ್ನಿಸು. ಟಾಣೆ, ಬಾಂಡುಪ್, ಗಾಟ್‌ಕೋಪರ್ ಬರದಿದ್ದರೆ ಕೇಳು! ಆಮೇಲೆ ‘ಚಾಂಗಲಾ’ ಅನ್ನಿಸು. ಮರಾಠಿಯ ಆ ಚ ಹಲ್ಲಿನ ಹಿಂದೆ, ತ–ಸ ಬೆರೆತಂತೆ ಹುಟ್ಟುತ್ತದೆ. ‘ಚಾರ್’ ಅನ್ನುವಾಗ ಮಾತ್ರ ನಮ್ಮದೇ ಚ. ಬರೆಯುವುದು ಒಂದೇ ಅಕ್ಷರದಲ್ಲಿ, ಆದರೂ ನೀನು ಎಂದೂ ಎಡವಿಲ್ಲ. ಳ ಕೂಡ ನಿನಗೆ ಮರಾಠಿಯ ಕೃಪೆ. ಹಿಂದಿಯವರ ಪರೇಲ್ ನಿನ್ನ ಬಾಯಲ್ಲಿ ಪರಳ ಎಂದೇ ಬರುತ್ತದೆ.

ಅಚ್ಚಗನ್ನಡದವರೆಂದು ಮೀಸೆ ತಿರುವುವವರ ಕಥೆಯೂ ಅಷ್ಟೇ. ನಮ್ಮದೇ ಆಗಿದ್ದ ೞ ನಮಗೇ ದಕ್ಕಲಿಲ್ಲ. ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರದ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಇಲ್ಲಿ ಪಕ್ಕದ ಮನೆಯ ತಮಿಳರು ಅದನ್ನು ಸಲೀಸಾಗಿ ನುಡಿಯುತ್ತಾರೆ; ನಮ್ಮವರು ಳ ಅಂದು ಮುಗಿಸುತ್ತಾರೆ.

ಈಗ ಮಾಡಬೇಕಾದ್ದು ಕೇಳು. ಜಪಾನಿಗರಿಗೆ ಇಂಗ್ಲಿಷಿನ ರ–ಲ ಭೇದ ಕಲಿಸಹೊರಟವರು 1990ರ ದಶಕದಲ್ಲಿ ಒಂದು ಉಪಾಯ ಕಂಡುಕೊಂಡರು: ಹಲವರ ದನಿಯಲ್ಲಿ ಜೋಡಿಪದ ಕೇಳಿಸಿ, ಯಾವುದೆಂದು ಗುರುತಿಸಲು ಹೇಳುವುದು. ಬರೀ ಕೇಳಿಸಿಕೊಂಡೇ ಅವರ ಉಚ್ಚಾರವೂ ಸುಧಾರಿಸಿತು. ಹಾಗಾಗಿ ನನ್ನೊಬ್ಬಳ ದನಿ ನಿನಗೆ ಸಾಲದು. ಧಾರವಾಡದ ಅತ್ತೆ, ಮೈಸೂರಿನ ಮಾವ, ನಕ್ಕ ಆ ಕೋತಿಗಳು ಎಲ್ಲರಿಂದಲೂ ಕೆರೆ–ಕೇರೆ, ಕೊಳ–ಕೋಳ ಹೇಳಿಸಿ ವಾಟ್ಸಾಪ್‌ಗೆ ತರಿಸಿಕೋ. ಬರಹ ನೋಡದೆ ಗುರುತಿಸು. ಮೊದಮೊದಲು ತಪ್ಪುತ್ತದೆ, ತಪ್ಪಲಿ.

ಇಲ್ಲಿನ ಮೈಸೂರು ಅಸೋಸಿಯೇಷನ್‌ನಲ್ಲಿ, 1926ರಷ್ಟು ಹಳೆಯದು ಅದು, ಕನ್ನಡ ನಾಟಕವಿದ್ದಾಗ ತಿಳಿಸುತ್ತೇನೆ, ಬಾ. ಮುಂದಿನ ಸಾಲಿನಲ್ಲೇ ಕೂರೋಣ, ನಟರ ಬಾಯಿಯೂ ಕಾಣುತ್ತದೆ. ರಾತ್ರಿ ಇಲ್ಲೇ ಉಳಿದುಕೋ, ಅಮ್ಮನಿಗೆ ನಾನು ಹೇಳುತ್ತೇನೆ.

ನಿನ್ನ
ಅಜ್ಜಿ